ಐರ್ಲೆಂಡಿನ ಅರ್ಥಧಾರಿ

ನಗು ಬಂತೆಂದರೆ ಮಾಷ್ಟ್ರ ಎಡಗೈ ತಾನಾಗಿಯೇ ಮೇಲೆದ್ದು ದವಡೆಯನ್ನು ಮುಚ್ಚುತ್ತಿತ್ತು. ಹಲ್ಲು ಹುಳುಕಾದವರು ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಎಲ್ಲರೂ ನೋಡಿರುತ್ತಾರೆ. ಇವರದು ಹಾಗಲ್ಲ, ಹಲ್ಲು ಬೆಳ್ಳಗೆ, ಸಾಲಾಗಿಯೇ ಇದ್ದವು. ಅವರು ಮುಚ್ಚುತ್ತಿದ್ದದ್ದು ಬಾಯಿಯ ಕೆಳಗಿನ ಭಾಗವನ್ನು, ಸ್ವಲ್ಪ ಮುಂದಕ್ಕೆ ಚಾಚಿದ ಅಗಲವಾದ ದವಡೆಯನ್ನು. ಬೆರಳುಗಳಿಗೆ ಯಾವಾಗಲೂ ಸೀಮೆಸುಣ್ಣ ಮೆತ್ತಿರುತ್ತಿದ್ದುದರಿಂದ, ತರಗತಿಯಲ್ಲಿ ಒಮ್ಮೆ ನಕ್ಕರೆ ಸಂಜೆಯವರೆಗೂ ಗಲ್ಲದ ಮೇಲೆ ನಾಲ್ಕು ಬಿಳಿ ಗೆರೆ ಉಳಿಯುತ್ತಿತ್ತು. ಅವರು ಇವತ್ತು ನಕ್ಕಿದ್ದಾರೋ ಇಲ್ಲವೋ ಎಂಬುದನ್ನು ಜೊತೆಯ ಮಾಷ್ಟ್ರುಗಳಾದ ನಾವು ಆ ಗೆರೆ ನೋಡಿಯೇ ಹೇಳುತ್ತಿದ್ದೆವು.

ಪುತ್ತೂರಿನ ಹೈಸ್ಕೂಲಿಗೆ ನಾನು ಕನ್ನಡ ಪಂಡಿತನಾಗಿ ಸೇರಿದಾಗ ನನಗೆ ಇಪ್ಪತ್ತನಾಲ್ಕು. ಅವರು ಅಲ್ಲಿ ಆಗಲೇ ಹತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದ ಹಿರಿಯ ಮಾಷ್ಟ್ರು. ಮದುವೆ ಆಗಿರಲಿಲ್ಲ. ಪೇಟೆಯಲ್ಲಿ ಒಬ್ಬ ದರ್ಜಿಯ ಅಂಗಡಿಯ ಮೇಲಿನ ಕೋಣೆಯಲ್ಲಿ ಇದ್ದರು. ಕೆಳಗೆ ಹೊಲಿಗೆ ಮಿಷನ್ನಿನ ಸದ್ದು ಕೇಳಿದರೆ ಹೊಲಿಯುತ್ತಿರುವುದು ರವಕೆಯೋ ಅಂಗಿಯೋ ಎಂದು ತನಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ಒಂದೆರಡು ಸಲ ನಾನು ಇಳಿದು ಹೋಗಿ ನೋಡಿ ಬಂದೆ. ಒಂದು ಸಲ ಸರಿ ಇತ್ತು, ಇನ್ನೊಂದು ಸಲ ದರ್ಜಿ ಹೊಲಿಯುತ್ತಿದ್ದದ್ದು ತಲೆದಿಂಬಿನ ಚೀಲ.

ಅವರ ಮನೆ ಗುತ್ತಿಗಾರಿನಿಂದ ಇನ್ನೂ ಆಚೆ, ಕಾಡಿನ ಅಂಚಿನಲ್ಲಿ. ಆಗ ಸುಳ್ಯ ಬೇರೆ ತಾಲೂಕು ಆಗಿರಲಿಲ್ಲ, ಅದೂ ಕಡಬವೂ ಎಲ್ಲ ಪುತ್ತೂರಿನದ್ದೇ. ಆದರೆ ಪುತ್ತೂರು ಪೇಟೆಯ ನಮಗೆ ಸುಳ್ಯದ ಮೇಲಿನ ಕಡೆಯವರೆಂದರೆ ಬೇರೆಯೇ ಒಂದು ಜನ. ಅವರ ಮನೆಮಾತು ಅರೆಭಾಷೆ. ಕನ್ನಡದ್ದೇ ಕೂಸು, ಆದರೆ ನಮ್ಮ ಕಿವಿಗೆ ಎಲ್ಲವೂ ಸ್ವಲ್ಪ ಗಿಡ್ಡ, ಸ್ವಲ್ಪ ಸೊಟ್ಟ. ನಾವು 'ಉಂಟು' ಅಂದರೆ ಅವರು 'ಉಟ್ಟು' ಅನ್ನುವರು, 'ಇಲ್ಲ' ಅನ್ನುವಲ್ಲಿ 'ಇಲ್ಲೆ', 'ಬೇಡ' ಅನ್ನುವಲ್ಲಿ 'ಬೊತ್ತು'. ಬಸ್ ಸ್ಟ್ಯಾಂಡಿನಲ್ಲಿ ಅಂಥ ಇಬ್ಬರು ಮಾತಾಡುತ್ತ ನಿಂತರೆ ನಾವು ಗೆಳೆಯರು ಅವರ ಹಿಂದೆ ನಿಂತು ಕೇಳಿ, ಹೋಟೆಲಿಗೆ ಬಂದು ಹಾಗೆಯೇ ಮಾಡಿ ತೋರಿಸುವುದು. ಅದರಲ್ಲಿ ದ್ವೇಷ ಇರಲಿಲ್ಲ. 'ಪಾಪ, ಒಳ್ಳೆ ಜನ' ಎಂದು ಕೊನೆಗೆ ಸೇರಿಸುತ್ತಲೂ ಇದ್ದೆವು.

ಮಾಷ್ಟ್ರು ಪುತ್ತೂರಿನಲ್ಲಿ ಮನೆಮಾತಿನ ಒಂದು ಅಕ್ಷರ ಆಡಿದ್ದನ್ನು ನಾನು ಬಹಳ ದಿನ ಕೇಳಲಿಲ್ಲ. ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ, ತರಗತಿಯಲ್ಲಿ ಇಂಗ್ಲಿಷ್. ಶನಿವಾರ ಸುಳ್ಯದ ಬಸ್ಸು ಹತ್ತಿ ಹೋದರೆ ಸೋಮವಾರ ಬೆಳಿಗ್ಗೆ ಮತ್ತೆ ಅದೇ ಮೂರು ಭಾಷೆಯೊಂದಿಗೆ ಇಳಿಯುತ್ತಿದ್ದರು.

ಅವರಿಗೆ ಐರ್ಲೆಂಡಿನ ಹುಚ್ಚು ಹಿಡಿದದ್ದು ಬೆಲ್ಲದಿಂದ. ಇದನ್ನು ಅವರೇ ಹೇಳಿದ್ದು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಡಿಕೇರಿ ಕಡೆಯ ಕಾಫಿ ತೋಟದ ಒಬ್ಬ ದೊರೆ ತನ್ನ ದೇಶಕ್ಕೆ ಹೊರಟುಹೋದ. ಅವನ ಪುಸ್ತಕಗಳು ಹಳೆ ಕಾಗದವಾಗಿ ಘಟ್ಟ ಇಳಿದು ಸುಳ್ಯದ ಒಂದು ದಿನಸಿ ಅಂಗಡಿಗೆ ಬಂದವು. ಅವರ ಅವ್ವ ಅಲ್ಲಿಂದ ತಂದ ಬೆಲ್ಲದ ಕಟ್ಟು ಬಿಚ್ಚುವಾಗ ಕಾಗದದಲ್ಲಿ ಒಂದು ಚಿತ್ರ. ಹರಕು ಟೊಪ್ಪಿ ಇಟ್ಟು, ಹೊಗೆಸೊಪ್ಪಿನ ಕೊಳವೆ ಕಚ್ಚಿಕೊಂಡು, ಬಂದೂಕು ಹಿಡಿದು ನಿಂತ ಮಂಗ. ಅವ್ವನೂ ಮಗನೂ ನಕ್ಕರಂತೆ. ಆಮೇಲೆ ಅವರು ಅಂಟಿದ ಬೆಲ್ಲವನ್ನು ಉಗುರಿನಿಂದ ಕೆರೆದು ಕೆಳಗಿನ ಸಾಲು ಓದಿದರು. ಅದು ಮಂಗ ಅಲ್ಲ, ಐರ್ಲೆಂಡಿನ ಮನುಷ್ಯ. ಐರ್ಲೆಂಡನ್ನು ಆಳುತ್ತಿದ್ದ ಇಂಗ್ಲೆಂಡಿನವರ ಹಾಸ್ಯಪತ್ರಿಕೆಯಲ್ಲಿ ನೂರು ವರ್ಷದ ಹಿಂದೆ ಅವನನ್ನು ಹಾಗೆ ಬರೆದಿದ್ದರು.

ಮರುದಿನವೇ ಸುಳ್ಯಕ್ಕೆ ನಡೆದು ಹೋಗಿ, ಉಳಿದ ಸಂಪುಟಗಳಷ್ಟೇ ತೂಕದ ಹಳೆ ದಿನಪತ್ರಿಕೆ ಕೊಟ್ಟು ಅವನ್ನು ಬಿಡಿಸಿಕೊಂಡು ಬಂದರು. ಏಳು ಸಂಪುಟ ಸಿಕ್ಕಿತು. ಅಷ್ಟರಲ್ಲಿ ಎರಡು ಉಪ್ಪು ಮೆಣಸು ಕಟ್ಟಿ ಮುಗಿದಿತ್ತು. ಚಿತ್ರಗಳಲ್ಲಿ ಎಲ್ಲ ಐರಿಷರಿಗೂ ಒಂದೇ ದವಡೆ ಎಂದು ನನಗೆ ತೋರಿಸಿದ್ದರು. ಮುಂದಕ್ಕೆ ಬಂದ, ಅಗಲವಾದ, ಕೆಳಗೆ ಜೋತ ದವಡೆ. 'ಆ ದಿನ ಕನ್ನಡಿ ನೋಡಿದೆ, ಪಂಡಿತರೇ' ಎಂದರು. ಅಷ್ಟೇ ಹೇಳಿದರು. ಅವರ ಎಡಗೈಯ ಸಂಗತಿ ನನಗೆ ಆಗ ಗೊತ್ತಾಯಿತು. ಗೊತ್ತಾಗಿಯೂ ನಾನು ಆ ಸಂಗತಿಯನ್ನು ಅಲ್ಲಿಯೇ ಬಿಟ್ಟೆ.

ಅವರ ಹತ್ತಿರ ಒಂದು ಉದ್ದನೆಯ ನೋಟುಪುಸ್ತಕ ಇತ್ತು. ಎಡಪುಟದಲ್ಲಿ ಇಂಗ್ಲೆಂಡಿನವರು ಐರಿಷರ ಬಗ್ಗೆ ಹೇಳಿದ್ದು, ಬಲಪುಟದಲ್ಲಿ ಅದಕ್ಕೆ ಐರಿಷರ ಉತ್ತರ. ಎಡಪುಟಗಳೆಲ್ಲ ಅವರ ದುಂಡು ಅಕ್ಷರದಲ್ಲಿ ತುಂಬಿದ್ದವು. ಪಾರ್ಲಿಮೆಂಟಿನ ಭಾಷಣ, ಪತ್ರಿಕೆಯ ಕುಹಕ, ಕಾದಂಬರಿ, ನಾಟಕ ಎಲ್ಲದರ ಸಾರವನ್ನೂ ಕನ್ನಡದಲ್ಲಿ ಬರೆದಿದ್ದರು. ಐರಿಷರಿಗೆ ಬರಗಾಲದಲ್ಲಿ ಹಸಿವು ಬಂದದ್ದು ಸೋಮಾರಿತನದಿಂದ. ಗೆಣಸಿನಂಥದ್ದೇ ಬಟಾಟೆ ಗಡ್ಡೆ ಸಿಕ್ಕಿದರೆ ಮತ್ತೇನೂ ಬೇಡದ ಜನ. ಮನೆಯೊಳಗೆ ಹಂದಿಯ ಜೊತೆ ಮಲಗುವವರು. ಮಕ್ಕಳಿದ್ದ ಹಾಗೆ, ತಮ್ಮನ್ನು ತಾವು ಆಳಿಕೊಳ್ಳಲಾರರು. ನಾಟಕದಲ್ಲಿ ಐರಿಷ್ ಆಳು ಬರುವುದಿದ್ದರೆ ಕುಡಿದೇ ಬರಬೇಕು, ಬಂದವನು ಮಾತು ತಪ್ಪಿಯೇ ಆಡಬೇಕು. ಬಲಪುಟಗಳು ಹೆಚ್ಚಿನವು ಖಾಲಿ. ಉತ್ತರ ಕೊಟ್ಟವರು ಇದ್ದಿರಬೇಕು, ಆದರೆ ಅವರ ಪುಸ್ತಕವನ್ನು ತೋಟದ ದೊರೆ ಯಾಕೆ ಇಟ್ಟುಕೊಳ್ಳುತ್ತಾನೆ ಎನ್ನುತ್ತಿದ್ದರು.

ಇದರಿಂದ ಒಂದು ಕನ್ನಡ ಪುಸ್ತಕ ಮಾಡಬೇಕೆಂಬುದು ಅವರ ಆಸೆ. ಇಂಗ್ಲಿಷಿನಲ್ಲೇ ಬರೆಯಬಹುದಲ್ಲ ಎಂದು ನಾನು ಕೇಳಿದಾಗ, ಇಂಗ್ಲಿಷಿನಲ್ಲಿ ಬರೆದರೆ ಅವರ ಮೇಲೆ ಅವರಿಗೇ ದೂರು ಕೊಟ್ಟ ಹಾಗೆ, ಕನ್ನಡದಲ್ಲಿ ಬರೆದರೆ ನಮ್ಮವರು ಓದುತ್ತಾರೆ, ಯಾರನ್ನಾದರೂ ನೆನಪು ಮಾಡಿಕೊಳ್ಳುತ್ತಾರೆ ಎಂದರು.

ಎಡಪುಟಗಳ ನಡುವೆ ಒಂದು ಪುಟಕ್ಕೆ ಮಾತ್ರ ಕೆಂಪು ಗೆರೆ ಎಳೆದಿದ್ದರು. ಅದರಲ್ಲಿ ಬೈಗುಳ ಒಂದೂ ಇಲ್ಲ. ಐರಿಷರು ಎಷ್ಟು ಚೆನ್ನಾಗಿ ಹಾಡುತ್ತಾರೆ, ಎಂಥ ಕನಸುಗಾರರು, ಎಷ್ಟು ಮುಗ್ಧರು, ಅವರ ಮಾತು ಕೇಳಲಿಕ್ಕೆ ಎಷ್ಟು ಇಂಪು ಎಂದೆಲ್ಲ ಇಂಗ್ಲಿಷ್ ವಿದ್ವಾಂಸರು ಹೊಗಳಿದ್ದು. ಇದು ಒಳ್ಳೆಯದೇ ಅಲ್ಲವೇ, ಇದಕ್ಕೆ ಯಾಕೆ ಕೆಂಪು ಎಂದು ಕೇಳಿದೆ.

'ಬೈದರೆ ಉತ್ತರ ಕೊಡಬಹುದು ಪಂಡಿತರೇ. ಹೀಗೆ ಹೊಗಳಿದ್ರೆ ಎಂತ ಹೇಳುದು? ಹಾಡ್ಲಿಕ್ಕೆ ಒಳ್ಳೆ ಜನ ಅಂದ್ರೆ, ಆಳ್ಲಿಕ್ಕೆ ಆಗುದಿಲ್ಲ ಅಂತ ಅದರೊಳಗೇ ಉಂಟು.'

ನಾನು ತಲೆದೂಗಿದೆ. ನನಗೆ ತಲೆದೂಗುವುದು ಆಗಲೂ ಸಲೀಸು.

ತರಗತಿಯಲ್ಲಿ ಅವರು ಮೂರು ಪ್ರಶ್ನೆಯ ಮಾಷ್ಟ್ರು ಎಂದೇ ಹೆಸರಾಗಿದ್ದರು. ಪಾಠಪುಸ್ತಕದ ಕತೆಯೊಂದರಲ್ಲಿ ಐರಿಷ್ ಆಳೊಬ್ಬ ಬಂದು ಪೆದ್ದುಪೆದ್ದಾಗಿ ಮಾತಾಡುವ ಜಾಗ ಇತ್ತು. ಮಕ್ಕಳು ನಗುತ್ತಿದ್ದರು. ನಗು ಮುಗಿಯುವವರೆಗೆ ಕಾದು ಕೇಳುವರು. ಇದನ್ನು ಬರೆದದ್ದು ಯಾರು? ಯಾರು ಓದಲಿ ಎಂದು ಬರೆದದ್ದು? ಆ ಆಳಿಗೆ ಓದಲಿಕ್ಕೆ ಬರುತ್ತಿದ್ದರೆ ಅವನು ಎಂತ ಹೇಳುತ್ತಿದ್ದ? ಮೂರನೆಯ ಪ್ರಶ್ನೆಗೆ ಉತ್ತರವನ್ನು ಅವರೂ ಹೇಳಿಕೊಡುತ್ತಿರಲಿಲ್ಲ. ಇನ್‍ಸ್ಪೆಕ್ಟರು ಬಂದ ದಿನವೂ ಇದನ್ನೇ ಕೇಳಿ, ಪಾಠ ಮುಂದಕ್ಕೆ ಹೋಗುವುದಿಲ್ಲ ಎಂದು ಬರೆಸಿಕೊಂಡಿದ್ದರು.

ನನ್ನ ಸಂಗತಿ ಬೇರೆ. ಪಂಡಿತ ಎಂಬ ಹೆಸರು ಶಾಲೆಗೆ ಮಾತ್ರ, ಊರಿನಲ್ಲಿ ನನ್ನ ಹೆಸರು ಇದ್ದದ್ದು ತಾಳಮದ್ದಳೆಯಲ್ಲಿ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಆಚೆಯವರಿಗೆ ಹೇಳುತ್ತೇನೆ. ಯಕ್ಷಗಾನವನ್ನು ವೇಷ ಇಲ್ಲದೆ, ಕುಣಿತ ಇಲ್ಲದೆ ಕುಳಿತು ಮಾಡಿದರೆ ತಾಳಮದ್ದಳೆ. ಭಾಗವತರು ಪದ್ಯ ಹಾಡುತ್ತಾರೆ. ಎದುರೆದುರು ಕುಳಿತ ಅರ್ಥಧಾರಿಗಳು ತಮ್ಮ ಪಾತ್ರದ ಮಾತನ್ನು, ಅಂದರೆ ಅರ್ಥವನ್ನು, ಆ ಕ್ಷಣದಲ್ಲೇ ಹುಟ್ಟಿಸಿ ಹೇಳಬೇಕು. ಇದಿರಿನವನು ಎಂತ ಹೇಳುತ್ತಾನೆಂದು ಮೊದಲೇ ಗೊತ್ತಿರುವುದಿಲ್ಲ. ಕತೆಯಲ್ಲಿ ಸೋಲುವ ಖಳನೂ ವಾದದಲ್ಲಿ ಗೆಲ್ಲಬಹುದು. ಉತ್ತರ ಹೊಳೆಯದೆ ಬಾಯಿ ಕಟ್ಟಿದರೆ ಅದೇ ಸೋಲು. ಎಷ್ಟು ಕಟುವಾಗಿ ಮಾತಾಡಿದ್ದರೂ ಮುಗಿದ ಮೇಲೆ ಕೈ ಮುಗಿದು ಒಂದೇ ಪಂಕ್ತಿಯಲ್ಲಿ ಉಣ್ಣುವುದು ಪದ್ಧತಿ. ಕೂಟದ ಮಾತು ಕೂಟಕ್ಕೆ ಎನ್ನುತ್ತಿದ್ದೆವು. ಆ ಮಾತಿನ ಮರೆಯಲ್ಲಿ ನಾನು ಎಷ್ಟು ಜನಕ್ಕೆ ಚುಚ್ಚಿದ್ದೇನೋ ಲೆಕ್ಕ ಇಟ್ಟಿಲ್ಲ.

ತಾಲೂಕಿನ ಮಾಷ್ಟ್ರುಗಳ ಸಮ್ಮೇಳನ ಆ ವರ್ಷ ನಮ್ಮ ಶಾಲೆಯಲ್ಲಿ ಎಂದಾಯಿತು. ಮಧ್ಯಾಹ್ನದ ಮೇಲೆ ಒಂದು ತಾಳಮದ್ದಳೆ ಇರಲಿ ಎಂದರು. ಆಗ ಮಾಷ್ಟ್ರು ನನ್ನನ್ನು ಕೋಣೆಗೆ ಕರೆದು, ಪುರಾಣ ಬೇಡ, ಇಂಗ್ಲೆಂಡ್ ಮತ್ತು ಐರ್ಲೆಂಡಿನ ಪ್ರಸಂಗ ಮಾಡೋಣ, ಪದ್ಯ ನೀವು ಕಟ್ಟಿ ಎಂದರು. ತನ್ನ ಪುಸ್ತಕ ಬರೆಯುವ ಮೊದಲು ಅದನ್ನು ಬಾಯಲ್ಲಿ ಹೇಳಿ ನೋಡುವ ಆಸೆ ಅವರಿಗೆ. ನಾಲ್ಕು ಜನ ಕೇಳಿದರೆ ಪುಸ್ತಕಕ್ಕೆ ಧೈರ್ಯ ಬಂದೀತು ಎಂದರು. ಐರ್ಲೆಂಡಿನ ಅರ್ಥ ಅವರದು. ಇಂಗ್ಲೆಂಡ್ ನನಗೆ. 'ನಿಮ್ಮ ನಾಲಗೆ ಹರಿತ. ಸಪ್ಪೆ ಇಂಗ್ಲೆಂಡ್ ಆದ್ರೆ ನನ್ನ ಉತ್ತರಕ್ಕೆ ಬೆಲೆ ಇಲ್ಲ' ಎಂದು ಎಡಪುಟಗಳನ್ನೆಲ್ಲ ನನಗೆ ಓದಲು ಕೊಟ್ಟರು. ತನ್ನನ್ನು ಹೊಡೆಯುವ ಕೋಲನ್ನು ತಾನೇ ಕೆತ್ತಿ ಕೊಟ್ಟ ಹಾಗೆ ಎಂದು ಈಗ ಅನ್ನಿಸುತ್ತದೆ.

ಒಂದು ತಿಂಗಳು ಅವರು ತಯಾರಿ ಮಾಡಿದರು. ಸಂಜೆ ಕೋಣೆಯ ಕೆಳಗೆ ಹೋಗುವಾಗ ಹೊಲಿಗೆ ಮಿಷನ್ನಿನ ಸದ್ದಿನ ಮೇಲೆ ಅವರ ಧ್ವನಿ ಕೇಳುತ್ತಿತ್ತು. ಆ ಖಾಲಿ ಬಲಪುಟಗಳನ್ನು ಅವರು ಬಾಯಲ್ಲಿ ತುಂಬಿಸುತ್ತಿದ್ದರು.

ಸಮ್ಮೇಳನದ ವಾರವೇ ಅವರ ಅವ್ವ ಪುತ್ತೂರಿಗೆ ಬಂದರು. ಕಣ್ಣಿನ ಪೊರೆ ತೆಗೆಸಲಿಕ್ಕೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಮೇಲೆ ಹಸುರು ಬಟ್ಟೆ ಇಳಿಬಿಟ್ಟಿದ್ದರು, ಇನ್ನೊಂದು ಕಣ್ಣು ಮೊದಲೇ ಮಂಜು. ನೋಡಿ ಬರಲು ಕೋಣೆಗೆ ಹೋದಾಗ ನಾನು ಮೊದಲ ಸಲ ಮಾಷ್ಟ್ರ ಬಾಯಲ್ಲಿ ಅರೆಭಾಷೆ ಕೇಳಿದೆ. ನನ್ನನ್ನು ನೋಡಿದ ಕೂಡಲೇ ಅವರು ಪುಸ್ತಕದ ಕನ್ನಡಕ್ಕೆ ತಿರುಗಿದರು. ಅವ್ವ ತಿರುಗಲಿಲ್ಲ. 'ಬನ್ನಿ, ಕುದ್ರಿ' ಎಂದು ಚಾಪೆ ತಟ್ಟಿದರು. ಅವರು ಮಾತಾಡುವಾಗ 'ಉಟ್ಟು' ಎಂಬುದನ್ನು ಸ್ವಲ್ಪ ಎಳೆದು, ಎಳೆದಷ್ಟು ಹೊತ್ತು ಮೊಣಕಾಲನ್ನು ಮೆಲ್ಲಗೆ ತಟ್ಟುತ್ತಿದ್ದರು. ಮನೆಯಲ್ಲಿ ದನ ಉಟ್ಟು, ಕೋಳಿ ಉಟ್ಟು, ಮೊನ್ನೆ ಆನೆ ಬಂದು ಹೋದದ್ದೂ ಉಟ್ಟು. ನನಗೆ ಅದು ಬಹಳ ಇಷ್ಟವಾಯಿತು. ಇಷ್ಟವಾದದ್ದನ್ನೆಲ್ಲ ಕದಿಯುವುದು ಅರ್ಥಧಾರಿಯ ಚಾಳಿ.

ಆ ಭಾನುವಾರ ಸಭಾಂಗಣ ತುಂಬಿತ್ತು. ಅವ್ವನನ್ನು ಮಾಷ್ಟ್ರು ಮುಂದಿನ ಸಾಲಿನ ಬದಿಯಲ್ಲಿ ಕೂರಿಸಿದ್ದರು. ಮಗ ಅರ್ಥ ಹೇಳುವುದನ್ನು ಅವರು ಕೇಳುವುದು ಅದೇ ಮೊದಲು. ಭಾಗವತರು ನನ್ನ ಪದ್ಯ ಹಾಡಿದರು, ಮದ್ದಳೆ ನಿಂತಿತು, ನಾನು ಇಂಗ್ಲೆಂಡ್ ಆದೆ. ಮೊದಲ ಸುತ್ತಿನಲ್ಲಿ ಅವರು ನನ್ನನ್ನು ಚೆನ್ನಾಗಿ ಹಿಡಿದರು. ಧಾನ್ಯದ ಹಡಗು ನಮ್ಮ ಬಂದರಿನಿಂದ ನಿನ್ನ ಊರಿಗೆ ಹೋಗುತ್ತಿತ್ತಲ್ಲ, ಆಗ ನಾವು ಹಸಿದದ್ದು ಸೋಮಾರಿತನದಿಂದಲೋ ಎಂದು ಕೇಳಿದರು. ಸಭೆ ನಿಶ್ಶಬ್ದವಾಯಿತು. ಅಂಥ ನಿಶ್ಶಬ್ದವನ್ನು ಇದಿರಿನ ಅರ್ಥಧಾರಿ ತಡೆದುಕೊಳ್ಳಲಾರ. ಕೂಟ ಅವರ ಕಡೆ ವಾಲುತ್ತಿತ್ತು, ನನಗೆ ಉತ್ತರ ಇರಲಿಲ್ಲ. ಉತ್ತರ ಇಲ್ಲದವನು ನಗಿಸುತ್ತಾನೆ.

ನಾನು ಸಭೆಯ ಕಡೆ ತಿರುಗಿ, ಇವನಿಗೆ ರಾಜ್ಯ ಕೊಡಲಿಕ್ಕೆ ನಾನು ತಯಾರು, ಆದರೆ ನಿನ್ನೆ ಇವನ ಮನೆಗೇ ಹೋಗಿ ಕೇಳಿದಾಗ ಇವನು ಎಂತ ಹೇಳಿದ ಗೊತ್ತುಂಟಾ ಎಂದೆ. ಆಮೇಲೆ ಮೊಣಕಾಲು ತಟ್ಟಿ, ಎಳೆದು ಎಳೆದು ಹೇಳಿದೆ:

'ರಾಜ್ಯ ನಂಗೆ ಬೊತ್ತು. ಗೆಣಸ್ ಉಟ್ಟು, ಹಂದಿ ಉಟ್ಟು. ಸಾಕ್.'

ಸಭಾಂಗಣ ಹಾರಿಹೋಗುವ ಹಾಗೆ ನಕ್ಕಿತು. ಭಾಗವತರು ನಕ್ಕರು, ಮದ್ದಳೆಯವರು ಮದ್ದಳೆಯ ಮೇಲೆ ಬಗ್ಗಿ ನಕ್ಕರು. ಮಾಷ್ಟ್ರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಉತ್ತರಕ್ಕೆಂದು ಬಾಯಿ ತೆರೆದವರು ಮುಂದಿನ ಸಾಲಿನ ಬದಿಗೆ ನೋಡಿದರು. ಅವರ ಅವ್ವ ನಗುತ್ತಿದ್ದರು. ಹಸುರು ಬಟ್ಟೆ ಕುಲುಕುತ್ತಿತ್ತು, ಎರಡೂ ಕೈಯಲ್ಲಿ ಸೆರಗು ಹಿಡಿದು, ಇಡೀ ಸಭೆಯಲ್ಲಿ ಅವರೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು.

ಮಾಷ್ಟ್ರ ಎಡಗೈ ಮೇಲೆದ್ದು ದವಡೆಯನ್ನು ಮುಚ್ಚಿತು. ನಗು ಇಲ್ಲದೆ ಅದು ಮೇಲೆದ್ದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಆಮೇಲೆ, ನನಗೆ ಹೇಳಲಿಕ್ಕೆ ಏನೂ ಇಲ್ಲ ಎಂದರು. ಭಾಗವತರು ದಿಕ್ಕು ತೋಚದೆ ಇನ್ನೊಂದು ಪದ್ಯ ಎತ್ತಿಕೊಟ್ಟರು. ಅದಕ್ಕೂ ಮಾತಿಲ್ಲ. ಮಂಗಳ ಹಾಡಿ ಮುಗಿಸಿದರು. ಪದ್ಧತಿಯ ಪ್ರಕಾರ ಮಾಷ್ಟ್ರು ನನಗೆ ಕೈ ಮುಗಿದರು, ನಾನೂ ಮುಗಿದೆ. ಜನ ಬಂದು ನನ್ನ ಬೆನ್ನು ತಟ್ಟಿದರು.

ಆಮೇಲೆ ಅವಲಕ್ಕಿ, ಕಾಫಿ. ಮಾಷ್ಟ್ರು ಒಳಗೆ ಬಡಿಸಲಿಕ್ಕೆ ನಿಂತಿದ್ದರು. ನಾನು ಮಾತಾಡುತ್ತ ಅವ್ವನ ಪಕ್ಕದಿಂದ ಹಾದುಹೋಗುವಾಗ ಧ್ವನಿಯ ಗುರುತಿನಿಂದ ನನ್ನ ಕೈ ಹಿಡಿದರು. ಮೊನ್ನೆ ಕೋಣೆಗೆ ಬಂದವನು ನಾನೇ ಎಂದು ಅವರಿಗೆ ಗೊತ್ತಾಗಲಿಲ್ಲ, ಮುಖ ಕಾಣದ್ದರಿಂದ ಅವರ ಮನಸ್ಸಿನಲ್ಲಿ ನಾನು ಅವರ ಕಡೆಯ ಹುಡುಗನೇ. ಗುತ್ತಿಗಾರಿನಲ್ಲಿ ಯಾವ ಮನೆ ಎಂದು ಕೇಳಿದರು. ನಾನು ನಕ್ಕು ಏನೋ ಹೇಳಿದೆ. ಅವರು ಕೈ ಬಿಡಲಿಲ್ಲ.

'ನಮ್ಮ ಭಾಷೆ ಇಷ್ಟ್ ಚೆಂದ ಉಟ್ಟುಂತ ನಂಗೆ ಗೊತ್ತಿತ್ಲೆ, ಮಗ' ಎಂದರು.

ಪುತ್ತೂರಿನ ದೊಡ್ಡ ಸಭೆಯಲ್ಲಿ, ಮೈಕಿನ ಮುಂದೆ, ಅಷ್ಟು ಓದಿದವರ ಎದುರು ಅವರ ಮನೆಯ ಮಾತು ಕೇಳಿಸಿತ್ತು. ಕೇಳಿಸಿ ಎಲ್ಲರೂ ಸಂತೋಷಪಟ್ಟರು ಎಂದೇ ಅವರು ತಿಳಿದಿದ್ದರು. ಅದಕ್ಕೇ ಅವರು ನಕ್ಕದ್ದು.

ಈ ಮಾತನ್ನು ನಾನು ನನಗೆ ಸಿಕ್ಕಿದ ಬಹುಮಾನ ಎಂದು ತಿಳಿದೆ. ಮನೆಯಲ್ಲಿ ಹೇಳಿದೆ, ಹೋಟೆಲಿನಲ್ಲಿ ಗೆಳೆಯರಿಗೆ ಹೇಳಿದೆ. ಮಾಷ್ಟ್ರಿಗೆ ಮಾತ್ರ ಹೇಳಲಿಲ್ಲ. ಸೋತವರ ಮುಂದೆ ಬಹುಮಾನ ಎತ್ತಿ ತೋರಿಸಬಾರದು ಎಂಬ ದೊಡ್ಡಸ್ತಿಕೆ ಬೇರೆ.

ಅವರು ನನ್ನೊಂದಿಗೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಬೇಗ ಬುದ್ಧಿ ಬರುತ್ತಿತ್ತೋ ಏನೋ. ಮೊದಲಿನ ಹಾಗೆಯೇ 'ಪಂಡಿತರೇ, ಊಟ ಆಯಿತಾ' ಎನ್ನುವರು. ಆದರೆ ಆ ನೋಟುಪುಸ್ತಕ ಮೇಜಿನ ಮೇಲೆ ಕಾಣಲಿಲ್ಲ. ಪುಸ್ತಕ ಎಲ್ಲಿಗೆ ಬಂತು ಎಂದು ಕೇಳಿದರೆ, ನಿಧಾನಕ್ಕೆ ಮಾಡುವ ಎನ್ನುತ್ತಿದ್ದರು. ತರಗತಿಯಲ್ಲಿ ಮೂರು ಪ್ರಶ್ನೆ ಕೇಳುವುದೂ ನಿಂತಿತು. ಪಾಠ ಈಗ ಚೆನ್ನಾಗಿ ಮುಂದೆ ಹೋಗುತ್ತದೆ ಎಂದು ಹೆಡ್‍ಮಾಷ್ಟ್ರು ಸಂತೋಷಪಟ್ಟರು. ಮುಂದಿನ ಜೂನಿನಲ್ಲಿ ಅವರು ತಾನಾಗಿಯೇ ಕೇಳಿಕೊಂಡು ಕಡಬದ ಕಡೆಯ ಒಂದು ಶಾಲೆಗೆ ವರ್ಗವಾಗಿ ಹೋದರು. ಎರಡು ವರ್ಷದಲ್ಲಿ ಅವರ ಅವ್ವ ತೀರಿಕೊಂಡ ಸುದ್ದಿ ಬಂತು. ನಾನು ಹೋಗಲಿಲ್ಲ. ದೂರ ಎಂದು ಹೇಳಿಕೊಂಡೆ.

ನನ್ನ ಪಾಲಿನದ್ದು ನನಗೆ ಸಿಕ್ಕಿದ್ದು ಮೈಸೂರಿನಲ್ಲಿ. ಟ್ರೈನಿಂಗಿಗೆಂದು ಒಂದು ವರ್ಷ ಅಲ್ಲಿದ್ದೆ. ನಾನು 'ನೀರು ಉಂಟಾ' ಅಂದರೆ ಹಾಸ್ಟೆಲಿನಲ್ಲಿ ಹತ್ತು ಜನ ನಗುವರು. ನನ್ನನ್ನು ಕರೆಯುವುದೇ 'ಎಂತ ಮಾರಾಯ್ರೆ' ಎಂದಾಯಿತು. ಇರಲಿ, ಅದನ್ನು ತಡೆದುಕೊಂಡೆ. ವರ್ಷದ ಕೊನೆಗೆ ಅವರು ಒಂದು ನಾಟಕ ಮಾಡಿದರು. ಅದರಲ್ಲಿ ನಮ್ಮ ಕಡೆಯ ಹೋಟೆಲ್ ಮಾಣಿಯ ಪಾತ್ರ. ಹೇಗೆ ಮಾತಾಡಬೇಕೆಂದು ಆ ಪಾತ್ರದವನಿಗೆ ಕಲಿಸಿಕೊಡಲು ನನ್ನನ್ನು ಕರೆದರು. ಒಬ್ಬ ಒಳ್ಳೆಯ ಮನುಷ್ಯ, ನನ್ನ ಕೋಣೆಯವನೇ, ಬಹಳ ಪ್ರೀತಿಯಿಂದ, 'ನಿಮ್ ಭಾಷೆ ಕೇಳೋಕೆ ತುಂಬಾ ಚೆನ್ನಾಗಿದೆ ಸಾರ್, ಇನ್ನೊಂದ್ಸಲ ಹೇಳಿ' ಎಂದ. ನಾನು ಇನ್ನೊಂದು ಸಲ ಹೇಳಿದೆ. ಹೇಳುವಾಗ ನನ್ನ ಎಡಗೈ ಎಲ್ಲಿಗೆ ಹೋಗುತ್ತಿದೆ ಎಂದು ನನಗೇ ಗೊತ್ತಾಯಿತು.

ಆದರೂ ಕಡಬಕ್ಕೆ ಹೋಗಲು ಮತ್ತೆ ಎರಡು ವರ್ಷ ಹಿಡಿಯಿತು. ಮಾಷ್ಟ್ರಿಗೆ ಎದೆಯ ಕಾಯಿಲೆ, ರಜೆಯ ಮೇಲಿದ್ದಾರೆ ಎಂದು ತಿಳಿದ ಮೇಲೆ ಹೊರಟೆ. ಶಾಲೆಯ ಹಿಂದಿನ ಒಂದು ಸಣ್ಣ ಕೋಣೆಯಲ್ಲಿ ಇದ್ದರು, ಜವಾನ ಗಂಜಿ ಬೇಯಿಸಿ ಇಟ್ಟುಹೋಗುತ್ತಿದ್ದ. ಮೈ ಬತ್ತಿತ್ತು, ದವಡೆ ಮಾತ್ರ ಹಾಗೆಯೇ ಇತ್ತು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತು, ಆ ದಿನ ನಾನು ಮಾಡಿದ್ದು ದೊಡ್ಡ ತಪ್ಪು ಎಂದಷ್ಟೇ ಹೇಳಿದೆ. ಕೂಟದ ಮಾತು ಕೂಟಕ್ಕೆ ಪಂಡಿತರೇ ಎಂದರು. ಆಮೇಲೆ ದಿಂಬಿನ ಕಡೆಯಿಂದ ಆ ನೋಟುಪುಸ್ತಕ ತೆಗೆದು ನನ್ನ ಕೈಯಲ್ಲಿ ಇಟ್ಟರು.

ಕೊನೆಯ ಎಡಪುಟದಲ್ಲಿ, ಇಂಗ್ಲೆಂಡಿನ ಮಂತ್ರಿಗಳೂ ಪಂಡಿತರೂ ಮುಗಿದ ಮೇಲೆ, ಅದೇ ದುಂಡು ಅಕ್ಷರದಲ್ಲಿ ನನ್ನ ಮಾತು ಇತ್ತು. ರಾಜ್ಯ ನಂಗೆ ಬೊತ್ತು. ಗೆಣಸ್ ಉಟ್ಟು, ಹಂದಿ ಉಟ್ಟು. ಸಾಕ್. ಕೆಳಗೆ, 'ಕನ್ನಡ ಪಂಡಿತರು, ಪುತ್ತೂರು'. ಬಲಪುಟ ಖಾಲಿ.

ಇದನ್ನು ಯಾಕೆ ಬರೆದಿರಿ ಎಂದು ಕೇಳಿದೆ.

'ನೀವು ಚೆನ್ನಾಗಿ ಹೇಳಿದ್ರಿ, ಅದಕ್ಕೇ ಬರೆದೆ. ಸಪ್ಪೆಯಾಗಿ ಹೇಳಿದವರದ್ದನ್ನು ನಾನು ಬರಕೊಳ್ಳುದಿಲ್ಲ' ಎಂದು ನಕ್ಕರು. ಕೈ ಮೇಲೆ ಎತ್ತಲಿಲ್ಲ. ಎತ್ತಲು ಶಕ್ತಿ ಇರಲಿಲ್ಲವೋ, ಮುಚ್ಚುವುದು ಬೇಡ ಅನ್ನಿಸಿತೋ, ನನಗೆ ಗೊತ್ತಿಲ್ಲ.

ಬಲಪುಟಕ್ಕೆ ಏನಿತ್ತು ಎಂದು ಕೇಳಿದೆ.

'ಉತ್ತರ ಇತ್ತು. ಒಂದು ತಿಂಗಳು ಮಾಡಿದ ಉತ್ತರ. ಆದರೆ ಅವ್ವ ನಗುದು ಕಂಡೆ. ತನ್ನ ಮಾತನ್ನೇ ಆಡಿಕೊಳ್ಳುವಾಗ ಅವರೂ ಎಲ್ಲರ ಜೊತೆ ನಗುದಾದರೆ, ನಾನು ಯಾರ ಪರವಾಗಿ ಮಾತಾಡುದು? ಯಾಕೆ ನಕ್ಕದ್ದು ಅಂತ ಕೇಳಬೇಕು ಅಂತ ಇತ್ತು. ಕೇಳ್ಲಿಕ್ಕೆ ಆಗಲಿಲ್ಲ. ಆಮೇಲೆ ಅವರೇ ಇಲ್ಲ.'

ನಾನು ಆ ಕ್ಷಣ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಅವ್ವ ನಕ್ಕದ್ದು ಯಾಕೆಂದು ಅವ್ವನ ಬಾಯಿಂದಲೇ ತಿಳಿದವನು ಈ ಭೂಮಿಯ ಮೇಲೆ ನಾನೊಬ್ಬ, ಮಾಷ್ಟ್ರ ಹಾಸಿಗೆಯ ಬದಿಯಲ್ಲೇ ಕುಳಿತಿದ್ದೆ. ನಾನು ಅದನ್ನು ಹೇಳಲಿಲ್ಲ. ನನ್ನ ಹೆಸರು ಆ ಪಟ್ಟಿಯಲ್ಲಿ ಕಂಡ ಸಂಕಟದಲ್ಲಿ ನಾನು ನನ್ನದೇ ಅಳುವಿನಲ್ಲಿದ್ದೆ. ನನ್ನನ್ನು ಕ್ಷಮಿಸಿ, ಇದನ್ನು ಹೊಡೆದುಹಾಕಿ ಎಂದು ಅವರ ಕೈ ಹಿಡಿದು ಗೋಗರೆದೆ. ಆ ಕಾಯಿಲೆಯ ಮನುಷ್ಯ ನನ್ನ ಬೆನ್ನು ಸವರಿ ಸಮಾಧಾನ ಮಾಡಿದರು. ಊಟ ಆಗಿದೆಯಾ ಎಂದು ಕೇಳಿದರು. ಹೊಡೆದುಹಾಕುವುದು ಬೇಡ, ಪುಸ್ತಕ ನೀವೇ ಇಟ್ಟುಕೊಳ್ಳಿ ಎಂದರು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು.

ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಲು ನಿಂತಿದ್ದಾಗ ಹತ್ತಿರದಲ್ಲಿ ಯಾರೋ ಹೆಂಗಸು 'ಉಟ್ಟು' ಎಂದರು. ಅವ್ವ ನನ್ನ ಕೈ ಹಿಡಿದು ಹೇಳಿದ ಮಾತು ನನಗೆ ನೆನಪಾದದ್ದು ಆಗ. ಹಿಂದಕ್ಕೆ ಹೋಗುವ ಬಸ್ಸು ಆಗಲೇ ಹೋಗಿತ್ತು. ನಾಳೆಯೇ ಕಾಗದ ಬರೆಯುತ್ತೇನೆ ಎಂದುಕೊಂಡೆ. ಬರೆದೆ ಕೂಡ. ಆದರೆ ಪಂಡಿತನ ಬುದ್ಧಿ ನೋಡಿ, ಬರೆದದ್ದು ಸಾಲದು ಅನ್ನಿಸಿತು, ತಿದ್ದಿದೆ, ಮತ್ತೆ ಬರೆದೆ, ನನ್ನ ಪಶ್ಚಾತ್ತಾಪ ಇನ್ನೂ ಚೆನ್ನಾಗಿ ಕಾಣಲಿ ಎಂದು ಇನ್ನೊಂದು ಪುಟ ಸೇರಿಸಿದೆ. ಆರನೆಯ ದಿನ ಅಂಚೆಗೆ ಹಾಕಲು ಹೊರಟಾಗ ಶಾಲೆಯ ಬಾಗಿಲಲ್ಲೇ ಸುದ್ದಿ ಸಿಕ್ಕಿತು. ಹಿಂದಿನ ದಿನ ಬೆಳಿಗ್ಗೆ ತೀರಿಕೊಂಡಿದ್ದರು.

ಆಮೇಲೆ ನಾನು ತಾಳಮದ್ದಳೆಯಲ್ಲಿ ಕುಳಿತಿಲ್ಲ. ಅದರಿಂದ ಯಾರಿಗೂ ನಷ್ಟವಾಗಿಲ್ಲ, ಲಾಭವೂ ಆಗಿಲ್ಲ. ಅವರ ಪುಸ್ತಕವನ್ನು ನಾನೇ ಬರೆದು ಮುಗಿಸಬೇಕೆಂದು ಹಲವು ಸಲ ಕುಳಿತೆ. ಬಲಪುಟಕ್ಕೆ ಬಂದಾಗಲೆಲ್ಲ ಕೈ ನಿಲ್ಲುತ್ತದೆ. ನಾನು ಎಡಪುಟದವನು, ಉತ್ತರವನ್ನೂ ನಾನೇ ಬರೆದರೆ ಹೇಗೆ?

ಕಾಗದದ ಆ ಎಲ್ಲ ಪುಟಗಳನ್ನೂ ಹರಿದುಹಾಕಿದ್ದೇನೆ. ಕೊನೆಯ ಬಲಪುಟದಲ್ಲಿ ಮಾತ್ರ ಒಂದು ಸಾಲು ಬರೆದಿದ್ದೇನೆ. ನನ್ನದಲ್ಲ, ಅವರ ಅವ್ವನದ್ದು. ಪಂಡಿತನಾಗಿ ಒಂದಕ್ಷರ ತಿದ್ದದೆ, ಅವರು ನನ್ನ ಕೈ ಹಿಡಿದು ಹೇಳಿದ ಹಾಗೆಯೇ ಬರೆದಿದ್ದೇನೆ. ನಮ್ಮ ಭಾಷೆ ಇಷ್ಟ್ ಚೆಂದ ಉಟ್ಟುಂತ ನಂಗೆ ಗೊತ್ತಿತ್ಲೆ, ಮಗ.

ಅದನ್ನು ಓದಬೇಕಾಗಿದ್ದವರು ಒಬ್ಬರೇ.